ಲೈಡನ್ ಬಿಟ್ಟು ಹೊರಟವರು

ವಾನ್: ಮೊದಲ ವಾರ

ಮೂವತ್ತೊಂದು ವರ್ಷ ಧಾರವಾಡದ ಹುಡುಗಿಯರಿಗೆ ನಾನು ಪ್ಯೂರಿಟನ್ನರ ಪಾಠ ಹೇಳಿದೆ. ಪೂಜೆ ಶುದ್ಧವಾಗಿರಬೇಕೆಂದು ಹಟ ಹಿಡಿದು, ಹುಟ್ಟಿದ ಇಂಗ್ಲೆಂಡನ್ನೇ ಬಿಟ್ಟು, ಕಡಲು ದಾಟಿ ಅಮೆರಿಕದ ದಡದಲ್ಲಿ ವಸಾಹತು ಕಟ್ಟಿದ ಜನ. ಹಬ್ಬ ಬೇಡ, ಕುಣಿತ ಬೇಡ, ಕ್ರಿಸ್ಮಸ್ ಕೂಡ ಬೇಡ ಎಂದವರು. ಅಂಥ ಒಬ್ಬನನ್ನು ಕಣ್ಣಾರೆ ಕಂಡದ್ದು ಮಾತ್ರ ನಿವೃತ್ತಿಯಾದ ಮೇಲೆ, ತೊಂಬತ್ತೆಂಟರ ಜೂನ್ ತಿಂಗಳಲ್ಲಿ, ಟೊರಾಂಟೊಗೆ ಅಂಟಿಕೊಂಡ ವಾನ್ ಎಂಬ ಊರಿನಲ್ಲಿ. ಆತ ನನ್ನ ಸ್ವಂತ ತಮ್ಮ.

ಶ್ರೀಪಾದ ವಿಮಾನ ನಿಲ್ದಾಣಕ್ಕೆ ಬಂದಾಗ ಹಣೆಯಲ್ಲಿ ಗೋಪೀಚಂದನದ ನಾಮ, ಅಂಗಾರದ ಕರಿಗೆರೆ ಎಲ್ಲ ಸಾಂಗವಾಗಿತ್ತು. ಧಾರವಾಡದಲ್ಲಿ ಕಾಲೇಜಿಗೆ ಹೋಗುವಾಗ ಇದೇ ಹುಡುಗ ಗಾಡಿಯಲ್ಲಿ ಆಮ್ಲೆಟ್ ತಿಂದು, ವಾಸನೆ ಬರದಿರಲೆಂದು ಬಡೇಸೋಪು ಜಗಿದು ಮನೆಗೆ ಬರುತ್ತಿದ್ದ. ಈಗ ಕಾರಿನ ಬಾಗಿಲ ಹಿಡಿಕೆ ಮಾಡುವ ಕಾರ್ಖಾನೆಯಲ್ಲಿ ಶಿಫ್ಟ್ ಎಂಜಿನಿಯರ್. ಊಟದ ಡಬ್ಬಿಯನ್ನು ಬೇರೆಯವರ ಡಬ್ಬಿಯ ಪಕ್ಕ ಇಡಬಾರದೆಂದು ಕಾರಿನಲ್ಲೇ ಇಟ್ಟುಕೊಂಡು, ಮಧ್ಯಾಹ್ನ ಪಾರ್ಕಿಂಗ್ ಜಾಗದಲ್ಲಿ ಕೂತು ಉಣ್ಣುತ್ತಾನೆ. ಇದನ್ನು ಹೇಳಿದವಳು ಅವನ ಹೆಂಡತಿ ವೀಣಾ. ಹೇಳುವಾಗ ಅವಳಿಗೆ ನಗು ಬಂತೋ ಅಳು ಬಂತೋ ನನಗೆ ತಿಳಿಯಲಿಲ್ಲ.

ನನಗೆ ಕೂತಲ್ಲಿ ಕೂರುವ ಅಭ್ಯಾಸವಿಲ್ಲ. ಧಾರವಾಡದಲ್ಲಾದರೆ ಹಾಲಿಗೊಮ್ಮೆ, ಕಾಯಿಪಲ್ಲೆಗೊಮ್ಮೆ, ಯಾರೂ ಸಿಗದಿದ್ದರೆ ಪೋಸ್ಟಾಫೀಸಿಗೊಮ್ಮೆ ಹೋಗಿಬರುತ್ತಿದ್ದೆ. ಇಲ್ಲಿ ಹೊಸ ಬಡಾವಣೆ. ಹೊರಗೆ ಬಂದರೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಮೂರನೆಯ ದಿನ ಸೀರೆಯ ಮೇಲೆ ಸ್ವೆಟರು, ಕಾಲಿಗೆ ವೀಣಾಳ ಬೂಟು ಹಾಕಿಕೊಂಡು ನಡೆಯಲು ಹೊರಟೆ. ಎಲ್ಲ ಮನೆಗಳೂ ಒಂದೇ ಥರ, ಅದೇ ಇಟ್ಟಿಗೆ, ಅದೇ ಗರಾಜು. ತಿರುಗಿ ಬಂದು ನಮ್ಮದೇ ಎಂದುಕೊಂಡ ಬಾಗಿಲು ನೂಕಿ, ಬೂಟು ಬಿಚ್ಚಿಟ್ಟು ನೆಟ್ಟಗೆ ಅಡುಗೆಮನೆಗೆ ಹೋದರೆ, ಅಲ್ಲಿ ಕಪ್ಪು ಬಟ್ಟೆಯ ಮುದುಕಿಯೊಬ್ಬಳು ಬಟಾಣಿ ಸುಲಿಯುತ್ತ ಕೂತಿದ್ದಳು!

ಅವಳು ಹೌಹಾರಲಿಲ್ಲ. ಎದುರಿನ ಕುರ್ಚಿ ತೋರಿಸಿದಳು. ಇಟಲಿಯವಳು, ಅವಳಿಗೆ ಇಂಗ್ಲಿಷ್ ಬಾರದು. ನಾನೂ ಒಂದು ಹಿಡಿ ಬಟಾಣಿ ಎಳೆದುಕೊಂಡು ಸುಲಿಯತೊಡಗಿದೆ. ಇಬ್ಬರೂ ಅರ್ಧ ಗಂಟೆ ಮಾತಾಡಿದೆವು, ಅವಳು ಅವಳ ಭಾಷೆಯಲ್ಲಿ, ನಾನು ನನ್ನದರಲ್ಲಿ. ಹೊರಡುವಾಗ ಹಿತ್ತಿಲಿನಿಂದ ಕಂಪು ಸೂಸುವ ಎಲೆಗಳ ಒಂದು ಕಟ್ಟು ಕಿತ್ತುಕೊಟ್ಟಳು. ತುಳಸಿ ಸಿಕ್ಕಿತೆಂದು ಹಿಗ್ಗಿ ದೇವರ ಮುಂದಿಟ್ಟೆ. ಸಂಜೆ ಶ್ರೀಪಾದ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಅಕ್ಕಾ, ಇದು ತುಳಸಿ ಅಲ್ಲ. ಬೇಸಿಲ್ಲು. ಟೊಮೆಟೊ ಸಾರಿಗೆ ಹಾಕತಾರ ಇದನ್ನ."

"ದೇವರು ಒಂದಿನ ಟೊಮೆಟೊ ಸಾರು ಉಂಡಾನು, ಬಿಡು," ಎಂದೆ. ಅವನು ನಗಲಿಲ್ಲ, ಮಂಟಪವನ್ನೆಲ್ಲ ತೊಳೆದು ಮತ್ತೆ ಪೂಜೆಗೆ ಕೂತ.

ವಾನ್: ಏಕಾದಶಿ

ಅಡುಗೆಮನೆಯ ಗೋಡೆಯ ಮೇಲೆ ಎರಡು ಗಡಿಯಾರಗಳಿದ್ದವು. ಒಂದು ಇಲ್ಲಿನದು, ಒಂದು ಧಾರವಾಡದ್ದು. ಊರಿಗೆ ಫೋನ್ ಮಾಡುವ ಅನುಕೂಲಕ್ಕೆಂದು ನಾನು ತಿಳಿದಿದ್ದೆ. ಗುರುವಾರ ರಾತ್ರಿ ಒಂಬತ್ತಕ್ಕೆ ಅನ್ನಕ್ಕೆ ಸಾರು ಕಲಸಿ ಕೈ ಬಾಯಿಗೆ ಹೋಗುವಷ್ಟರಲ್ಲಿ ಶ್ರೀಪಾದ ಓಡಿ ಬಂದ. "ಅಕ್ಕಾ! ಏಕಾದಶಿ ಹತ್ತಿ ಅರ್ಧ ತಾಸಾತು!"

ಏಕಾದಶಿ ನಾಳೆ ಶುಕ್ರವಾರ ಎಂದೆ. ಅವನು ಎರಡನೆಯ ಗಡಿಯಾರ ತೋರಿಸಿದ. ಧಾರವಾಡದಲ್ಲಿ ಶುಕ್ರವಾರ ಬೆಳಗಾಗಿತ್ತು. ಊರಿನಿಂದ ಪ್ರತಿ ಯುಗಾದಿಗೆ ತರಿಸುವ ಪಂಚಾಂಗದಲ್ಲಿ ಅಲ್ಲಿನ ಸೂರ್ಯೋದಯ ಅಚ್ಚಾಗಿದೆ, ಅಚ್ಚಾದದ್ದನ್ನು ಮೀರುವಂತಿಲ್ಲ. ಆದ್ದರಿಂದ ನನ್ನ ತಮ್ಮ ಗುರುವಾರ ಸಂಜೆ ಎಂಟೂವರೆಗೆ ಬಾಯಿ ಕಟ್ಟುತ್ತಾನೆ, ಹನಿ ನೀರಿಲ್ಲದೆ ಶುಕ್ರವಾರದ ಶಿಫ್ಟಲ್ಲಿ ಯಂತ್ರಗಳ ಕಾವಿನಲ್ಲಿ ನಿಲ್ಲುತ್ತಾನೆ, ಶುಕ್ರವಾರ ಸಂಜೆ ಎಂಟೂವರೆಗೆ ದ್ವಾದಶಿಯ ಬೆಳಗಾಯಿತೆಂದು ಪಾರಣೆ ಮಾಡುತ್ತಾನೆ. ನಾನೇ ನೋಡಿದೆ. ಜೂನ್‌ನಲ್ಲಿ ಅಷ್ಟು ಹೊತ್ತಿಗೆ ಇಲ್ಲಿ ಇನ್ನೂ ಬಿಸಿಲು. ಇವನು ಸ್ನಾನ ಮಾಡಿ, ಹಿತ್ತಿಲ ಮರದ ಜಗಲಿಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಉದಯಿಸುವ ಸೂರ್ಯನಿಗೆ ಅರ್ಘ್ಯ ಕೊಡುತ್ತಿದ್ದ. ಸೂರ್ಯ ಅವನ ಬೆನ್ನ ಹಿಂದಿದ್ದ.

ನಾನೋ, ಗುರುವಾರ ಕಲಸಿದ ಅನ್ನ ಬಿಟ್ಟೆದ್ದು, ಶುಕ್ರವಾರ ಇಲ್ಲಿನ ಲೆಕ್ಕದಲ್ಲಿ ಹಿಡಿದು, ಶನಿವಾರ ಬೆಳಿಗ್ಗೆ ಉಂಡೆ. ಇಬ್ಬರ ಏಕಾದಶಿಯ ಪುಣ್ಯವೂ ನನ್ನ ಪಾಲಿಗೇ ಬಂದಿರಬೇಕು.

ಇದೇ ವಿಷಯಕ್ಕೆ ಇಲ್ಲಿನ ನಮ್ಮವರಲ್ಲಿ ಎರಡು ಪಂಗಡಗಳಾಗಿವೆ. ಪಕ್ಕದ ಥಾರ್ನ್‌ಹಿಲ್ ಕಡೆಯವರು ಕಂಪ್ಯೂಟರಿನಲ್ಲಿ ಟೊರಾಂಟೊ ಸೂರ್ಯೋದಯ ಹಾಕಿ ತಿಥಿ ತೆಗೆಯುತ್ತಾರೆ. ಎರಡು ವರ್ಷದ ಹಿಂದೆ ಅವರು ದ್ವಾದಶಿಯ ಊಟಕ್ಕೆ ಕರೆದ ದಿನ ಶ್ರೀಪಾದನ ಕಡೆಯವರದು ಇನ್ನೂ ಏಕಾದಶಿಯಾಗಿ, ಎಲೆಯ ಮುಂದೆ ಕೂತ ಐದು ಮನೆಯವರು ಎದ್ದು ಬಂದರಂತೆ. ಅಂದಿನಿಂದ ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಮುಟ್ಟುವುದಿಲ್ಲ. ಪ್ಯೂರಿಟನ್ನರೂ ಹೀಗೇ ಮಾಡಿದರು. ಇಂಗ್ಲೆಂಡಿನಲ್ಲಿ ಶುದ್ಧಿ ಸಾಲದೆಂದು ಬಂದವರು, ಬಂದಲ್ಲಿ ತಮ್ಮತಮ್ಮಲ್ಲೇ ಶುದ್ಧಿ ಸಾಲದೆಂದು ಕೆಲವರನ್ನು ಹೊರಗೆ ಹಾಕಿದರು. ಹೊರಬಿದ್ದವರು ಪಕ್ಕದಲ್ಲೇ ಬೇರೊಂದು ವಸಾಹತು ಕಟ್ಟಿದರು.

ಇದನ್ನು ಹೇಳಿ ನಕ್ಕಾಗ ನನ್ನ ಜೊತೆ ನಕ್ಕವಳು ಶ್ರೀಪಾದ, ವೀಣಾರ ಒಬ್ಬಳೇ ಮಗಳು ಜಾಹ್ನವಿ. ಹದಿನಾರರ ಹುಡುಗಿ, ಮನೆಯಲ್ಲಿ ಜಾನು. ಇಲ್ಲೇ ಹುಟ್ಟಿದವಳು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅತ್ಯಾ, ಯು ಟಾಟ್ ದಿಸ್ ಸ್ಟಫ್, ರೈಟ್? ಹೆಲ್ಪ್ ಮಿ."

ಅವಳ ಇತಿಹಾಸದ ಕ್ಲಾಸಿನಲ್ಲಿ ವರ್ಷದ ಕೊನೆಯ ಪ್ರಾಜೆಕ್ಟು. ಪ್ಯೂರಿಟನ್ನರದೇ ಒಂದು ಕವಲು ಮೊದಲು ಹಾಲೆಂಡಿನ ಲೈಡನ್ ಊರಿಗೆ ಓಡಿಹೋಗಿ ಹನ್ನೆರಡು ವರ್ಷದಷ್ಟು ಅಲ್ಲಿತ್ತು. ಅಲ್ಲಿ ಅವರಿಗೆ ತೊಂದರೆಯಿರಲಿಲ್ಲ. ಆದರೂ ಅದನ್ನು ಬಿಟ್ಟು ಅಮೆರಿಕಕ್ಕೆ ಹಡಗು ಹತ್ತಿದರು. ಹತ್ತಬೇಕೋ ಬೇಡವೋ ಎಂದು ಸಭೆ ಸೇರಿದಂತೆ ಮಕ್ಕಳು ಆಡಿ ತೋರಿಸಬೇಕು. ಜಾನು ಚೀಟಿ ಎತ್ತಿದಾಗ ಸಭೆಯ ಹಿರಿಯನ ಪಾತ್ರ ಬಂದಿತ್ತು. ಹೊರಡಲೇಬೇಕು ಎಂದು ವಾದಿಸುವವನು.

"ಬಟ್ ವೈ ವುಡ್ ಎನಿಬಡಿ ಲೀವ್?" ಎಂದಳು.

"ಮಕ್ಕಳು ಡಚ್ಚರಾಗಲಿಕ್ಕೆ ಹತ್ತಿದ್ರಲ್ಲ, ಅದಕ್ಕ. ಭಾಷಾ ಹೋತು, ನಡತಿ ಹೋತು ಅಂತ ಅಂಜಿಕಿ." ನಾನು ಅವಳ ಕಿವಿ ಹಿಂಡಿ ಚೇಷ್ಟೆ ಮಾಡಿದೆ. "ನನ್ನ ಯಾಕ ಕೇಳ್ತಿ? ನಿಮ್ಮಪ್ಪನ್ನ ಕೇಳು. ಬೇಕಾದಷ್ಟು ಪಾಯಿಂಟ್ ಕೊಡ್ತಾನ."

ಬಾಯಿ ಸುಮ್ಮನಿರದವಳು ನಾನು. ಅವಳು ನಿಜವಾಗಿಯೂ ನೋಟ್‌ಬುಕ್ಕು ಹಿಡಿದು ಅಪ್ಪನ ಹತ್ತಿರ ಹೋದಳು. ಒಂದು ಗಂಟೆಯ ಮೇಲೆ ಬೇಸ್‌ಮೆಂಟಿನಿಂದ ಇಬ್ಬರ ಮಾತು ಕೇಳುತ್ತಿತ್ತು. ವೀಣಾ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ಆಲಿಸಿದಳು. "ಅಕ್ಕಾರ, ಇವರಿಬ್ಬರೂ ಇಷ್ಟೊತ್ತು ಮಾತಾಡಿ ಒಂದು ವರ್ಷಾತು," ಎಂದಳು.

ಥಾರ್ನ್‌ಹಿಲ್

ಧಾರವಾಡದಲ್ಲಿ ನಮ್ಮ ಓಣಿಯ ಅಜ್ಜಿಯೊಬ್ಬರು ಥಾರ್ನ್‌ಹಿಲ್ಲಿನಲ್ಲಿರುವ ತಮ್ಮ ಸೊಸೆ ಪದ್ಮಿನಿಗೆ ಕೊಡಲು ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಿದ್ದರು. ಒಂದು ವಾರ ಪೆಟ್ಟಿಗೆಯಲ್ಲೇ ಇತ್ತು. ನನ್ನ ಸೀರೆಗಳೆಲ್ಲ ಬೆಳ್ಳುಳ್ಳಿ ವಾಸನೆ. ಶ್ರೀಪಾದ ನನ್ನನ್ನು ಕಾರಿನಲ್ಲಿ ಕರೆದೊಯ್ದನೇನೋ ಸರಿ, ಆದರೆ ಅವರ ಮನೆಯ ಮುಂದೆ ನಿಲ್ಲಿಸದೆ ಮೂರು ಮನೆ ಆಚೆ ನಿಲ್ಲಿಸಿ, ಒಂದು ತಾಸಿಗೆ ಬರುತ್ತೇನೆಂದು ಹೊರಟುಹೋದ. ನಡೆದುಕೊಂಡು ಹೋಗುತ್ತಿದ್ದ ನನ್ನನ್ನು ನೋಡಿ ಹುಲ್ಲು ಕತ್ತರಿಸುತ್ತಿದ್ದ ಗಂಡಸೊಬ್ಬ ಯಂತ್ರ ನಿಲ್ಲಿಸಿ ಕೈ ಬೀಸಿದ. ಈ ದೇಶದಲ್ಲಿ ಗುರುತಿಲ್ಲದವರು ಕೈ ಬೀಸುತ್ತಾರೆ, ಗುರುತಿದ್ದವರು ಮೂರು ಮನೆ ಆಚೆ ಕಾರು ನಿಲ್ಲಿಸುತ್ತಾರೆ.

ಪದ್ಮಿನಿ ಬೆಂಗಳೂರಿನವಳು, ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ಕಾಫಿ ಘಮಘಮಿಸುತ್ತಿತ್ತು. ನಾನು ಲೋಟ ಎತ್ತಿಕೊಂಡು ಕುಡಿದದ್ದಕ್ಕೇ ಅವಳ ಕಣ್ಣು ತುಂಬಿತು. ಆ ಪಂಗಡದ ಮನೆಯಿಂದ ಬಂದು ಅವಳ ಲೋಟ ಮುಟ್ಟಿದವಳು ಎರಡು ವರ್ಷದಲ್ಲಿ ನಾನೇ ಮೊದಲು.

"ವೀಣಾ ನಂಗೆ ಅಂಗಡೀಲಿ ಸಿಗ್ತಾರೆ ಮೇಡಂ. ಗಂಡಸ್ರು ಜಗಳ ಆಡ್ಕೊಳ್ಲಿ, ನಾವು ಕೊತ್ತಂಬರಿ ಸೊಪ್ಪಿನ ಹತ್ರ ನಿಂತ್ಕೊಂಡು ಮಾತಾಡ್ತೀವಿ." ಆಮೇಲೆ ದನಿ ತಗ್ಗಿಸಿದಳು. "ಪಾಪ, ವೀಣಾ ತುಂಬ ಅಳ್ತಿದ್ರು. ಜಾಹ್ನವೀನ ನಿಮ್ಮ ಜೊತೇಲೇ ಕಳಿಸ್ತಾರಂತಲ್ಲ, ನಿಮ್ಮ ಫ್ಲೈಟಲ್ಲೇ ಸೀಟು ಬುಕ್ ಆಗಿದ್ಯಂತೆ. ಅವಳಿಗೆ ಹೇಳಿದ್ರಾ?"

ನಾನು ಕಾಫಿ ಕೆಳಗಿಟ್ಟೆ. ನನಗೇ ಯಾರೂ ಹೇಳಿರಲಿಲ್ಲ!

ಒಂದು ತಾಸು ಅಲ್ಲಿ ಹೇಗೆ ಕೂತೆನೋ ಗೊತ್ತಿಲ್ಲ. ಆರು ವಾರ ಬಂದಿರು ಅಕ್ಕಾ, ನೀನೂ ಜಗತ್ತು ನೋಡು ಎಂದು ಫೋನಿನಲ್ಲಿ ಬೆಣ್ಣೆಯಂಥ ಮಾತಾಡಿದ್ದ ತಮ್ಮ ನನ್ನನ್ನು ಕರೆಸಿದ್ದು ಇದಕ್ಕೆ. ಹುಡುಗಿಯನ್ನು ತಲುಪಿಸುವ ಆಳು ನಾನು. ಸಿಟ್ಟು ನೆತ್ತಿಗೇರಿತ್ತು. ಆದರೂ ಕಾರಿನಲ್ಲಿ ಬಾಯಿ ಬಿಡಲಿಲ್ಲ. ಅವನು ಅಂದೇ ಕಾರ್ಖಾನೆಗೆ ಹೋಗುವವನಿದ್ದ. ಮನೆಗೆ ಬಂದು ವೀಣಾಳನ್ನು ಕೇಳಿದರೆ, ಸೆರಗಿಲ್ಲದವಳು ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು. "ನಾ ಏನ ಹೇಳ್ಲಿ ಅಕ್ಕಾರ? ನನ್ನ ಮಾತು ಅವರು ಕೇಳಂಗಿಲ್ಲ. ನೀವು ಬ್ಯಾಡ ಅಂದ್ರ ಕೇಳ್ತಾರ. ನೀವು ಹೇಳ್ರಿ."

ಹೇಳುತ್ತೇನೆ ಎಂದು ಅವಳ ಕೈ ಮೇಲೆ ಕೈಯಿಟ್ಟೆ.

ಜಾರ್ಜ್‌ಟೌನ್

ಭಾನುವಾರ ಜಾರ್ಜ್‌ಟೌನ್ ಆಚೆಯ ಹೊಲವೊಂದಕ್ಕೆ ಸ್ಟ್ರಾಬೆರಿ ಹರಿಯಲು ಹೋದೆವು. ಬುಟ್ಟಿ ಕೊಟ್ಟು ಸಾಲು ತೋರಿಸಿ ಬಿಡುತ್ತಾರೆ. ಹರಿಯುವಾಗ ಎಷ್ಟು ಬೇಕಾದರೂ ತಿನ್ನಿ ಎಂದು ಹೊಲದ ಒಡತಿಯೇ ಹೇಳಿದಳು. ನಮ್ಮಲ್ಲಿ ಸುಟ್ಟ ಎಳೆಜೋಳದ ಸೀತನಿ ತಿನ್ನಲು ಹೊಲಕ್ಕೆ ಕರೆದಂತೆಯೇ ಅನ್ನಿಸಿ ನನಗೆ ಹಾಯೆನಿಸಿತು. ಬುಟ್ಟಿಗಿಂತ ಹೆಚ್ಚು ಹೊಟ್ಟೆಗೇ ಹೋಯಿತು. ಶ್ರೀಪಾದ ಒಂದೂ ತಿನ್ನಲಿಲ್ಲ. ಅವನ ಹಣ್ಣಿಗೆ ಇನ್ನೂ ನೈವೇದ್ಯವಾಗಿರಲಿಲ್ಲ.

ಜಾನು ಮತ್ತು ವೀಣಾ ನಾಲ್ಕು ಸಾಲು ಆಚೆ ಇದ್ದರು. ನಾನು ಬಗ್ಗಿದಲ್ಲಿಂದಲೇ ಶುರು ಮಾಡಿದೆ.

"ಶ್ರೀಪಾ, ಹುಡುಗೀನ್ನ ನನ್ನ ಕೂಡ ಕಳಸ್ತೀಯಂತ. ಥಾರ್ನ್‌ಹಿಲ್ಲಿನ್ಯಾಗ ಗೊತ್ತದ, ನನಗ ಗೊತ್ತಿಲ್ಲ."

ಅವನು ಒಂದು ಹಣ್ಣನ್ನು ಬುಟ್ಟಿಯಲ್ಲಿ ಮೆಲ್ಲಗೆ ಇಟ್ಟ. "ಹೇಳಾಂವ ಇದ್ದೆ ಅಕ್ಕಾ. ನೀ ಮೊದಲ ಆಕಿನ್ನ ಒಂದಿಷ್ಟು ದಿನ ನೋಡ್ಲಿ ಅಂತ ಸುಮ್ಮನಿದ್ದೆ."

"ನೋಡೀನಲ್ಲ. ಛಂದ ಹುಡುಗಿ. ಏನಾಗೇದ ಆಕಿಗೆ?"

"ಏನೂ ಆಗಿಲ್ಲ. ಇಲ್ಲೆ ನಮಗ ಯಾರೂ ತ್ರಾಸ ಕೊಡಂಗಿಲ್ಲ ಅಕ್ಕಾ. ತ್ರಾಸ ಕೊಟ್ಟಿದ್ರ ಗಟ್ಟಿ ಉಳೀತಿದ್ವಿ. ಸುಮ್ಮನ ಹಂಗ ಕರಗಿ ಹೋಗ್ಲಿಕ್ಕತ್ತೇವಿ." ಅವನು ನೆಟ್ಟಗೆ ನಿಂತು ಮಗಳ ಕಡೆ ನೋಡಿದ. "ನಾ ಕನ್ನಡದಾಗ ಕೇಳ್ತೀನಿ, ಆಕಿ ಇಂಗ್ಲಿಷಿನ್ಯಾಗ ಹೇಳ್ತಾಳ. ಗೆಳತ್ಯಾರ ಕೂಡ ಫೋನಿನ್ಯಾಗ ನಗತಾಳ. ಯಾಕ ನಗತಾಳ ಅಂತ ನನಗ ತಿಳಿಯೂದಿಲ್ಲ. ನನ್ನ ಹೊಟ್ಟೀಲೆ ಹುಟ್ಟಿದ ಮಗಳು, ಅಕ್ಕಾ."

ಅವನ ಗಡಿಯಾರಕ್ಕೆ, ಅವನ ಡಬ್ಬಿಗೆ ನಕ್ಕಿದ್ದಕ್ಕೆ ಆಗ ನನಗೆ ನಾಚಿಕೆಯಾಯಿತು. ಆದರೂ ನನ್ನ ಬಳಿ ಉತ್ತರವಿತ್ತು. ಲೈಡನ್ ಬಿಟ್ಟು ಹೋದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಆ ದಡದ ಮೊದಲ ಚಳಿಗಾಲದಲ್ಲೇ ಸತ್ತರು. ಮಕ್ಕಳನ್ನು ಉಳಿಸಿಕೊಳ್ಳಲು ಹೊರಟವರು ಮಕ್ಕಳನ್ನೂ ಹೂಳಿದರು. ಅವರು ಇಳಿದ ನೆಲದಲ್ಲಿ ಆಗಲೇ ಬೇರೆ ಜನರಿದ್ದರು, ಅವರ ಮಕ್ಕಳ ಗತಿ ಇನ್ನೂ ಕೆಟ್ಟದಾಯಿತು. ಇದನ್ನೆಲ್ಲ ಹೇಳಿ, ಬ್ಯಾಡ ಶ್ರೀಪಾ, ಎಂದುಬಿಡಬಹುದಿತ್ತು. ವೀಣಾಳಿಗೆ ಮಾತು ಕೊಟ್ಟಿದ್ದೆ.

ಬದಲಿಗೆ ನನ್ನ ಬಾಯಿಂದ ಬಂದದ್ದು ಬೇರೆ.

"ಯಾವ ಕಾಲೇಜಿಗೆ ಹಾಕ್ತಿ?"

ಯಾಕೆ ಹಾಗೆ ಕೇಳಿದೆ ಎಂಬುದನ್ನು ಈಗ ಮುಚ್ಚಿಡುವುದಿಲ್ಲ. ನಾನು ಮದುವೆಯಾಗಲಿಲ್ಲ. ಧಾರವಾಡದ ನನ್ನ ಎರಡು ಕೋಣೆಗಳಲ್ಲಿ ಎದ್ದ ಕೂಡಲೇ ರೇಡಿಯೊ ಹಚ್ಚುತ್ತೇನೆ, ಮನೆಯಲ್ಲೊಂದು ದನಿ ಇರಲೆಂದು. ಆ ಹೊಲದಲ್ಲಿ ಬಗ್ಗಿ ನಿಂತಾಗಲೇ ಮನಸ್ಸಿನಲ್ಲಿ ಕಪಾಟು ಸರಿಸಿ ಕಿಟಕಿಯ ಪಕ್ಕ ಜಾನುವಿನ ಮಂಚ ಹಾಕಿ ಆಗಿತ್ತು. ಸಂಜೆ ಕಾಲೇಜಿನಿಂದ ಬರುವವಳಿಗೆ ಅವಲಕ್ಕಿ ಹಚ್ಚಿಡುವುದೂ ಆಗಿತ್ತು. ಶ್ರೀಪಾದನ ಮುಖ ಅರಳಿತು. ಮನೆಗೆ ಮರಳುವಾಗ ವೀಣಾ ಕಾರಿನ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದಳು. ನಾನು ಹೊರಗೆ ನೋಡಿದೆ. ಅಂದಿನಿಂದ ನನಗೆ ಊಟ ರುಚಿಸಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ದಿನಕ್ಕೆ ಮೂರು ಸಲ ಬಡಾವಣೆ ಸುತ್ತಿದೆ.

ಶಾಲೆ

ಪ್ರಾಜೆಕ್ಟಿನ ದಿನ ತಂದೆತಾಯಿಯರನ್ನೂ ಕರೆದಿದ್ದರು. ವೀಣಾಳಿಗೆ ಕೆಲಸದಿಂದ ರಜೆ ಸಿಗಲಿಲ್ಲ. ಶ್ರೀಪಾದ ಶಿಫ್ಟ್ ಬದಲಿಸಿಕೊಂಡು ಬಂದ. ಹಿಂದಿನ ಸಾಲಿನ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗುವಂತೆ ಇಬ್ಬರೂ ಕೂತೆವು. ಮೇಜುಗಳನ್ನು ಚೌಕಾಕಾರಕ್ಕೆ ಜೋಡಿಸಿ ಅದೇ ಲೈಡನ್ ಎಂದಿದ್ದರು. ಮಕ್ಕಳೆಲ್ಲ ಬಿಳಿ ಕಾಗದದ ಕಾಲರು ಕಟ್ಟಿಕೊಂಡಿದ್ದರು. ಸರದಾರ ಹುಡುಗನೊಬ್ಬ ಪಗಡಿಯ ಮೇಲೆ ಪ್ಯೂರಿಟನ್ನರ ಹ್ಯಾಟು ಕೂರದೆ ಕೈಯಲ್ಲೇ ಹಿಡಿದುಕೊಂಡಿದ್ದ. ಚೀನೀ ಮುಖದ ಹುಡುಗಿ ಬೇಕರಿಯವನಾಗಿ, ಇಲ್ಲಿ ವ್ಯಾಪಾರ ಚೆನ್ನಾಗಿದೆ, ನಾನು ಬರುವುದಿಲ್ಲ ಎಂದು ವಾದಿಸಿ ಚಪ್ಪಾಳೆ ಗಿಟ್ಟಿಸಿದಳು.

ಜಾನು ಎದ್ದಳು. ಇಂಗ್ಲಿಷಿನಲ್ಲೇ ಮಾತಾಡಿದಳು, ಕಾಗದ ನೋಡಲಿಲ್ಲ.

ಈ ಊರಿನಲ್ಲಿ ನಮಗೆ ಯಾರೂ ತೊಂದರೆ ಕೊಡುವುದಿಲ್ಲ ಎಂದಳು. ಕೊಟ್ಟಿದ್ದರೆ ಗಟ್ಟಿಯಾಗಿ ಉಳಿಯುತ್ತಿದ್ದೆವು, ಇಲ್ಲಿ ಸುಮ್ಮನೆ ಕರಗುತ್ತಿದ್ದೇವೆ ಎಂದಳು. ನಾನು ಇಂಗ್ಲಿಷಿನಲ್ಲಿ ಕೇಳುತ್ತೇನೆ, ನನ್ನ ಮಗಳು ಡಚ್ಚಿನಲ್ಲಿ ಉತ್ತರ ಕೊಡುತ್ತಾಳೆ. ಗೆಳತಿಯರ ಜೊತೆ ನಗುತ್ತಾಳೆ, ಯಾಕೆ ನಗುತ್ತಾಳೆಂದು ನನಗೆ ತಿಳಿಯುವುದಿಲ್ಲ. ಹನ್ನೆರಡು ವರ್ಷದಲ್ಲಿ ನಾನು ಕಳೆದುಕೊಂಡದ್ದು ಅವಳನ್ನೊಬ್ಬಳನ್ನೇ, ಅವಳಿಲ್ಲದಿದ್ದರೆ ಉಳಿದದ್ದೆಲ್ಲ ಯಾರಿಗೆ? ಹಾಗೆ ಕೇಳಿದಾಗ ಅವಳ ದನಿ ಒಡೆಯಿತು. ನಟನೆಯಲ್ಲ. ಅಪ್ಪ ಹೇಳಿದ ಪಾಯಿಂಟುಗಳನ್ನು ಆ ಹುಡುಗಿ ಬರೀ ಬರೆದುಕೊಂಡಿರಲಿಲ್ಲ, ಅರ್ಥ ಮಾಡಿಕೊಂಡಿದ್ದಳು. ಶ್ರೀಪಾದ ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದಿದ್ದ.

ಕೈ ಎತ್ತಿಸಿದರು. ಹೊರಡುವ ಕಡೆಗೇ ಬಹುಮತ. ಬೇಕರಿಯವಳೂ ಕೈ ಎತ್ತಿದಳು.

ಮೇಷ್ಟ್ರು ಕೆಂಪು ಮುಖದ ಕುಳ್ಳ ಮನುಷ್ಯ. ಎಲ್ಲ ಪಾತ್ರಗಳಿಗೂ ಒಂದೊಂದು ಪ್ರಶ್ನೆ ಕೇಳುವುದು ಅವರ ಪದ್ಧತಿ. ಜಾನುವನ್ನು ಕೇಳಿದರು: ಹಿರಿಯರೇ, ಇದಕ್ಕೆ ನಿಮ್ಮ ಮಗಳು ಏನಂದಳು?

ಜಾನು ಕಾಗದದ ಕಾಲರು ಬಿಚ್ಚಿದಳು. "ನೋಬಡಿ ಆಸ್ಕ್ಡ್ ಹರ್," ಎಂದಳು.

ಮೂವರೂ ಪಾರ್ಕಿಂಗ್ ಜಾಗಕ್ಕೆ ಬಂದೆವು. ಶ್ರೀಪಾದ ಬೀಗದ ಕೈ ಹಿಡಿದು ಬಾಗಿಲ ಹತ್ತಿರ ನಿಂತೇ ಇದ್ದ.

"ಜಾನು, ನಿನಗ ಒಂದು ಮಾತು..."

"ಗೊತ್ತದ ಅಪ್ಪಾ. ಟಿಕೆಟಿನ ಲಕೋಟಿ ಮೇಲ್‌ಬಾಕ್ಸಿಂದ ನಾನ ತಂದಿದ್ದೆ. ಮೈ ನೇಮ್ ವಾಸ್ ರೈಟ್ ದೇರ್, ಲಕೋಟಿಯ ಪ್ಲಾಸ್ಟಿಕ್ ಕಿಟಕ್ಯಾಗ ಕಾಣಸ್ತಿತ್ತು."

"ಹೋಗ್ತೀಯೇನು?"

"ಹೂಂ ಅಂದ್ರ ಕಳಸ್ತಿ. ಇಲ್ಲಾ ಅಂದ್ರ?"

ಅವನು ನನ್ನ ಕಡೆ ನೋಡಿದ, ನಾನೇನಾದರೂ ಹೇಳುವೆನೋ ಎಂದು. ನಾನು ಮುಖ ತಿರುಗಿಸಿದೆ. ಪಕ್ಕದ ಕಾರುಗಳು ಒಂದೊಂದಾಗಿ ಹೊರಟವು.

"ಇಲ್ಲಾ ಅಂದ್ರ," ಎಂದ ಶ್ರೀಪಾದ, "ಕಳಸೂದಿಲ್ಲ."

"ಹಂಗಾರ ನಾ ಒಲ್ಲೆ, ಅಪ್ಪಾ."

ಅವನು ತಲೆಯಾಡಿಸಿದ. ಮತ್ತೆ ಮತ್ತೆ ತಲೆಯಾಡಿಸಿದ. ಕಾರಿನೊಳಗೆ ಕೂತು ಕೀಲಿ ತಿರುಗಿಸದೆ ಎದುರಿನ ಗೋಡೆ ನೋಡುತ್ತ ಉಳಿದ. ಜಾನು ಮುಂದಿನ ಬಾಗಿಲು ತೆಗೆದವಳು ಮತ್ತೆ ಮುಚ್ಚಿ, ಹಿಂದೆ ನನ್ನ ಪಕ್ಕ ಬಂದು ಕೂತಳು. ನಾನು ಅಳುತ್ತಿದ್ದೆ. ಹುಡುಗಿ ಗೆದ್ದಳೆಂದು ಸಂತೋಷಪಡಬೇಕಾದವಳು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆ.

ಅವಳು ನನ್ನ ಮುಖ ನೋಡಿದಳು. ಜಾಣ ಹುಡುಗಿ, ತಿಳಿಯಿತು.

"ಅತ್ಯಾ, ನಾ ಬರಲಿ ಅಂತ ನಿನಗೂ ಇತ್ತೇನು?"

"ಹೌದವಾ," ಎಂದೆ. "ಭಾಳ ಇತ್ತು."

"ಮತ್ತ ನೀನರ ಕೇಳಬೇಕಿತ್ತಲ್ಲ."

ಜೀವಮಾನವೆಲ್ಲ ಹುಡುಗಿಯರಿಗೆ ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆದವಳು ನಾನು. ಇದೊಂದನ್ನು ಮಾತ್ರ ಕೇಳಿರಲಿಲ್ಲ.